ಗುಡಿಸಿದ ಜಾಗ

ನಮ್ಮ ಊರಿನಲ್ಲಿ ದೀಪ ಆರಿಸಿದರೆ ಬೆಳಕು ಹೋಗುವುದಿಲ್ಲ. ದೀಪ ಆರುತ್ತದೆ, ಬೆಳಕು ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ಮೆತ್ತನೆಯ ಹುಲ್ಲಿನ ಕಸಬರಿಗೆಯಿಂದ ಗುಡಿಸಿ, ಹೊಸ್ತಿಲು ದಾಟಿಸಿ, ಓಣಿಯ ಮೂಲೆಯ ಗುಂಡಿಗೆ ತಳ್ಳಿ ಬಂದರೇನೇ ಮನೆಯಲ್ಲಿ ಕತ್ತಲಾಗುವುದು, ಕತ್ತಲಾದರೇನೇ ನಿದ್ದೆ. ಗುಂಡಿಗೆ ಬಿದ್ದದ್ದು ಬೆಳಿಗ್ಗೆ ಬಿಸಿಲು ತಗಲಿದೊಡನೆ ಅದರೊಳಗೆ ಕರಗಿಹೋಗುತ್ತದೆ. ಸೂರ್ಯನ ವಿಷಯದಲ್ಲಿ ಈ ತಾಪತ್ರಯವಿಲ್ಲ. ಅವನು ಮರ್ಯಾದಸ್ಥ, ಸಂಜೆ ತನ್ನದನ್ನೆಲ್ಲ ತಾನೇ ಬಳಿದುಕೊಂಡು ಹೋಗುತ್ತಾನೆ.

ಬೆಳಕು ಬಿದ್ದ ಹಾಗೆಯೇ ಉಳಿಯುತ್ತದೆಂದ ಮೇಲೆ ಅದರ ನಡುವಿನ ನೆರಳೂ ಉಳಿಯಬೇಕಲ್ಲ. ದೀಪ ಆರುವ ಗಳಿಗೆಯಲ್ಲಿ ಯಾರು ಎಲ್ಲಿ ನಿಂತಿದ್ದರೋ, ಗುಡಿಸುವ ತನಕ ಅವರ ನೆರಳು ಗೋಡೆಯ ಮೇಲೆ ಅಲ್ಲೇ. ಅದಕ್ಕೇ ನಮ್ಮಲ್ಲಿ ಒಬ್ಬರ ಮನೆಗೆ ಹೋದ ಇನ್ನೊಬ್ಬರು ಗೋಡೆ ನೋಡುವುದಿಲ್ಲ, ನೆಲ ನೋಡಿಕೊಂಡೇ ಮಾತಾಡುತ್ತಾರೆ. ರಾತ್ರಿ ಗುಡಿಸಲು ಸೋಮಾರಿತನ ಮಾಡಿದ ಮನೆಯ ಗೋಡೆ ಹೇಳಬಾರದ್ದನ್ನೆಲ್ಲ ಹೇಳಿಬಿಡುತ್ತದೆ. ಹೊಸದಾಗಿ ಮದುವೆಯಾದವರಷ್ಟು ಶ್ರದ್ಧೆಯಿಂದ ಗುಡಿಸುವವರನ್ನು ನಾನು ಕಂಡಿಲ್ಲ.

ನನ್ನ ಹೆಸರು ಕಾತ್ಯಾಯಿನಿ. ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋ ನಡೆಸುತ್ತೇನಾದ್ದರಿಂದ ಊರಿಗೆಲ್ಲ ಸ್ಟುಡಿಯೋ ಕಾತಕ್ಕ. ಇಂಥ ಊರಿನಲ್ಲಿ ಫೋಟೋ ತೆಗೆಯುವುದು ಎಂಥ ಕಷ್ಟ ಎಂದು ಬೇರೆಯವರಿಗೆ ತಿಳಿಯುವುದಿಲ್ಲ. ಫ್ಲ್ಯಾಶ್ ಹೊಡೆದರೆ ಮದುವಣಗಿತ್ತಿಯ ಸೆರಗಿಗೆ ಬೆಳಕು ಅಂಟಿಕೊಂಡುಬಿಡುತ್ತದೆ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಸೀರೆ ಕೊಡವಿ ಕಳಿಸಬೇಕು. ಇಲ್ಲದಿದ್ದರೆ ಮಾರನೆಯ ದಿನ ಅತ್ತೆ ಬಂದು, ರಾತ್ರಿಯೆಲ್ಲ ಸೊಸೆ ಮಿಣಮಿಣ ಮಿಣುಕಿದಳು, ಯಾರಿಗೂ ನಿದ್ದೆಯಿಲ್ಲ ಎಂದು ನನ್ನ ಮೇಲೆ ಹರಿಹಾಯುತ್ತಾಳೆ.

ಬೇಸಿಗೆಯ ಅಮಾವಾಸ್ಯೆಗಳಲ್ಲಿ, ನಡುರಾತ್ರಿ ಕಳೆದ ಮೇಲೆ, ನಮ್ಮ ಊರಿನ ದಕ್ಷಿಣಕ್ಕೆ ಆಕಾಶಗಂಗೆ ಏರುತ್ತದೆ. ಹಿಟ್ಟು ಚೆಲ್ಲಿದಂತೆ ನಕ್ಷತ್ರಗಳು. ಅವುಗಳ ನಟ್ಟನಡುವೆ ಒಂದು ಕಡೆ ಏನೂ ಇಲ್ಲ, ಕಪ್ಪು. ಅದಕ್ಕೆ ನಮ್ಮವರು ‘ಗುಡಿಸಿದ ಜಾಗ’ ಎನ್ನುತ್ತಾರೆ. ಮೇಲೆಯೂ ಜನರಿದ್ದಾರೆ, ಅವರೂ ನಮ್ಮ ಹಾಗೆಯೇ ಬೆಳಕು ಗುಡಿಸುತ್ತಾರೆ, ಅಷ್ಟು ಗುಡಿಸುವ ಹೊತ್ತಿಗೆ ಯಾರೋ ಕರೆದರು ಎಂದು ಬಿಟ್ಟು ಹೋಗಿದ್ದಾರೆ. ಕಸಬರಿಗೆ ಮುಟ್ಟದ ಮಕ್ಕಳಿಗೆ ತಾಯಂದಿರು ಅದನ್ನೇ ತೋರಿಸಿ ಬುದ್ಧಿ ಹೇಳುತ್ತಾರೆ. ನನಗೂ ಹೇಳಿದ್ದರು. ನಾನು ಮಾತ್ರ, ಗುಡಿಸಿದ್ದನ್ನು ಎಲ್ಲಿ ಹಾಕಿದರು ಎಂದು ಕೇಳಿ ಬೈಸಿಕೊಂಡಿದ್ದೆ.

ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಗುಡಿಸಿದ ಜಾಗವಾದರೆ ಗುಡಿಸಿದ ಗುರುತು ಬೇಡವೇ? ನೆಲವನ್ನು ಅರ್ಧ ಗುಡಿಸಿ ಬಿಟ್ಟರೆ ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ. ಅಪ್ಪನ ಉದ್ದನೆಯ ಲೆನ್ಸಿನಲ್ಲಿ ನೋಡಿದರೆ ಆ ಕಪ್ಪಿನ ಅಂಚು ಒಲೆಯ ಹೊಗೆಯ ಹಾಗೆ ಹರಡಿಕೊಂಡಿತ್ತು. ಅಲ್ಲಿ ಬೆಳಕು ಇಲ್ಲದೆ ಇಲ್ಲ, ಬೆಳಕಿಗೆ ಏನೋ ಅಡ್ಡ ನಿಂತಿದೆ ಎಂದು ನನಗೆ ಅನುಮಾನ. ಬರೀ ಕಣ್ಣಿಗೆ ಇದು ಬಗೆಹರಿಯುವುದಿಲ್ಲ. ಕಣ್ಣು ಒಂದು ರೆಪ್ಪೆ ಬಡಿಯುವಷ್ಟರಲ್ಲಿ ನೋಡಿದ್ದನ್ನು ಬಿಟ್ಟು ಹೊಸದಾಗಿ ನೋಡತೊಡಗುತ್ತದೆ. ಫಿಲ್ಮು ಹಾಗಲ್ಲ, ತೆರೆದಿಟ್ಟಷ್ಟು ಹೊತ್ತೂ ಬಂದದ್ದನ್ನೆಲ್ಲ ಕೂಡಿಡುತ್ತದೆ. ಆದರೆ ಅಷ್ಟು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಸರಿದು ಗೆರೆಗೆರೆಯಾಗುತ್ತವೆ. ಅದಕ್ಕಾಗಿ ಎರಡು ಹಲಗೆಗಳಿಗೆ ಬಾಗಿಲಿನ ಕೀಲು ಜೋಡಿಸಿ, ನಡುವೆ ಒಂದು ಉದ್ದನೆಯ ತಿರುಪು ಹಾಕಿಸಿದೆ. ತಿರುಪನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹೋದರೆ ಮೇಲಿನ ಹಲಗೆ ಏಳುತ್ತದೆ, ಅದರ ಮೇಲಿನ ಕ್ಯಾಮೆರಾ ನಕ್ಷತ್ರಗಳ ಬೆನ್ನು ಬಿಡದೆ ಸಾಗುತ್ತದೆ. ಅದನ್ನು ಪಳಗಿಸಿಕೊಳ್ಳುವಷ್ಟರಲ್ಲಿ ನನ್ನ ಹೆಬ್ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು.

ಅಷ್ಟರಲ್ಲಿ ಊರಿಗೆ ಕರೆಂಟಿನ ಕಂಬಗಳು ಬಂದು ನಿಂತವು. ತಂತಿ ಎಳೆಯುವುದೊಂದು ಬಾಕಿ, ಮುಂದಿನ ತಿಂಗಳು ಅದೂ ಆಗುತ್ತದೆ ಎಂದರು. ಬೀದಿಯಲ್ಲಿ ರಾತ್ರಿಯಿಡೀ ಉರಿಯುವ ದೀಪದ ಬೆಳಕನ್ನು ಯಾರು ಎಷ್ಟೆಂದು ಗುಡಿಸುತ್ತಾರೆ? ಆಕಾಶ ನೋಡಲು ಇದೇ ಕೊನೆಯ ಅಮಾವಾಸ್ಯೆ ಎಂದು ನನಗೆ ಗೊತ್ತಾಯಿತು. ನಮ್ಮ ಓಣಿಯ ಹಿರಿಯ ಶಿವಪುತ್ರಪ್ಪನವರ ಮನೆಗೆ ಹೋದೆ. ಒಂದು ರಾತ್ರಿ ಊರಿನಲ್ಲಿ ಚೂರೂ ಬೆಳಕು ಉಳಿಯದ ಹಾಗೆ ಎಲ್ಲರಿಂದ ಗುಡಿಸಿಸಿ ಕೊಡಿ ಎಂದು ಕೇಳಿದೆ.

“ಕರ್ರಗಿನ ಜಾಗಾದ ಫೋಟೋ ಯಾಕ ಬೇಕವಾ?” ಅಂದರು ಅವರು. “ಒಂದು ಕರೀ ಕಾಗದಾ ಕತ್ತರಿಸಿ ಗ್ವಾಡಿಗೆ ಹಚ್ಚಿದ್ರ ಸಾಲೂದಿಲ್ಲ?”

“ಕರೀದು ಅಂದ್ರ ಅಲ್ಲೇನೂ ಇಲ್ಲ ಅಂತ ಯಾರ ಹೇಳಿದ್ರು ಕಾಕಾರ? ಮುಂದ ಏನರ ಅಡ್ಡ ನಿಂತಿದ್ರ?”

ಶಿವಪುತ್ರಪ್ಪನವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಅಡ್ಡ ನಿಂತಾರ? ಯಾರು?”

“ಅದನ್ನ ನೋಡೂಣು ಅಂತನ ಕೇಳಾಕ ಬಂದೀನಿ.”

ಅವರಿಗೂ ಹುಳ ಹೊಕ್ಕಿತು. ಆ ದಿನವೇ ಊರಿಗೆಲ್ಲ ಡಂಗುರ ಹೊಡೆಸಿದರು.

ಮೊದಲ ರಾತ್ರಿ ನಾನು ಊರಾಚೆಯ ಬೋಳುಗುಡ್ಡದ ಮೇಲೆ ಹಲಗೆ ಹೂಡಿಕೊಂಡು ಕೂತೆ. ಗುಡಿಸಿದ ಜಾಗ ಮೇಲೆದ್ದಿತು. ಶಟರ್ ತೆರೆದು ತಿರುಪಿಗೆ ಕೈ ಹಾಕಿದೆ. ಇನ್ನೂ ನಾಲ್ಕು ಸುತ್ತು ತಿರುಗಿಸಿರಲಿಲ್ಲ, ಗುಡ್ಡದ ಕೆಳಗಿನಿಂದ ಗದ್ದಲ ಕೇಳಿಸಿತು. ತಿರುಗಿ ನೋಡುತ್ತೇನೆ, ಊರಿಗೆ ಊರೇ ಕಸಬರಿಗೆ ಹಿಡಿದು ಮೇಲೆ ಬರುತ್ತಿದೆ! ದಿನವೂ ಹಾಕುವ ಗುಂಡಿಗಳಲ್ಲಿ ಹಾಕಿದರೆ ಬೆಳಕು ಊರಿನಲ್ಲೇ ಉಳಿದ ಹಾಗಾಯಿತು, ಕಾತಕ್ಕನಿಗೆ ತೊಂದರೆ ಎಂದು ಯೋಚಿಸಿ, ಎಲ್ಲ ಓಣಿಗಳ ಬೆಳಕನ್ನೂ ಒಟ್ಟು ಮಾಡಿ ಗುಡ್ಡಕ್ಕೆ ತಂದಿದ್ದರು. ಮೊಣಕಾಲೆತ್ತರದ ಬೆಳಕು ಜನರ ಮುಂದೆ ಉರುಳಿಕೊಂಡು ಬಂದು, ನನ್ನನ್ನೂ ಕ್ಯಾಮೆರಾವನ್ನೂ ತೋಯಿಸಿ ಮುಂದೆ ಹೋಯಿತು. ಶಿವಪುತ್ರಪ್ಪನವರು ಬೆವರು ಒರೆಸಿಕೊಳ್ಳುತ್ತ, “ನೋಡವಾ ಕಾತ್ಯಾಯಿನಿ, ಊರಾಗ ಚಿಟಿಕಿಯಷ್ಟರ ಉಳದೈತೇನು ಹೇಳು!” ಅಂದರು. ಎಲ್ಲರ ಮುಖವೂ ಬೆಳಗುತ್ತಿತ್ತು. ಅಷ್ಟು ಪ್ರೀತಿಯಿಂದ ಕೆಲಸ ಕೆಡಿಸಿದವರನ್ನು ಬೈಯುವುದಾದರೂ ಹೇಗೆ? ಎಲ್ಲಿ ಹಾಕಬೇಕೆಂದು ಹೇಳದೇ ಇದ್ದ ನನ್ನ ಬಾಯಿಗೇ ಶಾಪ ಹಾಕಿಕೊಂಡು ನಕ್ಕುಬಿಟ್ಟೆ.

ಮರುದಿನ ಎಲ್ಲ ಬೆಳಕನ್ನೂ ಗುಡ್ಡದ ಹಿಂಬದಿಗೆ ಸುರಿಯುವುದೆಂದೂ, ನಾನು ಊರಿನ ಉತ್ತರದ ಒಣಗಿದ ಕೆರೆಯಂಗಳಕ್ಕೆ ಹೋಗುವುದೆಂದೂ ಗೊತ್ತುಪಡಿಸಿಕೊಂಡೆವು. ಊರು ನಿಜಕ್ಕೂ ಕತ್ತಲಾಯಿತು. ಮನೆಗಳು ಯಾವುವು, ಮರಗಳು ಯಾವುವು ಎಂದು ತಿಳಿಯದಷ್ಟು ಕತ್ತಲು. ಆದರೆ ದಕ್ಷಿಣದ ಓಣಿಯ ಕೊನೆಯಲ್ಲಿ, ಒಂದೇ ಒಂದು ಹಂಚಿನ ಮನೆಯ ಸಂದುಸಂದುಗಳಿಂದ ಹಳದಿ ಬೆಳಕು ಮೇಲೇಳುತ್ತಿತ್ತು. ಎದ್ದದ್ದು ಸರಿಯಾಗಿ ಗುಡಿಸಿದ ಜಾಗದ ಮುಂದೆಯೇ. ಇನ್ನೂ ಹಿಂದೆ ಉತ್ತರಕ್ಕೆ ಸರಿದರೆ ಗುಡ್ಡ ಅಡ್ಡ ಬರುತ್ತದೆ, ಊರು ದಾಟಿ ದಕ್ಷಿಣಕ್ಕೆ ಹೋದರೆ ಕಾಡು. ಎಲ್ಲಿ ಕೂತರೂ ಆ ಬೆಳಕು ತಪ್ಪುವಂತಿರಲಿಲ್ಲ.

ಅದು ಕಲಾಯಿ ದಸ್ತಗೀರ್ ಸಾಬರ ಮನೆ. ಊರಿನ ಹಿತ್ತಾಳೆ ತಾಮ್ರಕ್ಕೆಲ್ಲ ಕಲಾಯಿ ಹಾಕುವವರು ಅವರೇ. ಹೆಂಡತಿ ಜೈತುನ್‌ಬಿ ತೀರಿಕೊಂಡಾಗಿನಿಂದ ಅವರು ಒಳಕೋಣೆ ಗುಡಿಸಿಲ್ಲ, ಬಿಸಿಲು ಬರದಂತೆ ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಹಂಚಿಗೆ ಹೇಗೂ ಹಗಲೆಲ್ಲ ಹುಣಸೆಮರದ ದಟ್ಟ ನೆರಳಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ನಾನು ಹೇಳಿದೆನಲ್ಲ, ನಮ್ಮವರು ಇನ್ನೊಬ್ಬರ ಗೋಡೆ ನೋಡುವವರಲ್ಲ.

“ಹಂಚಿನ ಮ್ಯಾಲ ತಾಡಪಾಲ ಹಾಸಿದ್ರ?” ಎಂದು ನನ್ನ ಜೊತೆ ಕೆರೆಯಂಗಳಕ್ಕೆ ಬಂದಿದ್ದವರಲ್ಲಿ ಯಾರೋ ಅಂದರು. ಬೆಳಕು ಬಟ್ಟೆಗೆ ನೀರಿನಂತೆ ಇಳಿಯುತ್ತದೆ, ಇನ್ನಷ್ಟು ಹರಡುತ್ತದೆ. ಶಿವಪುತ್ರಪ್ಪನವರಿಗೆ ಹಟ ಬಂದಿತ್ತು. “ನಾಳೆ ಸಾಬ ಪ್ಯಾಟಿಗೆ ಹೋದಾಗ ನಾಕ ಮಂದಿ ಹೋಗಿ ಗುಡಿಸಿ ಬಂದುಬಿಡ್ರಿ. ಇಡೀ ಊರ ಒಂದ ಕಡೆ, ಒಂದ ಖೋಲಿ ಒಂದ ಕಡೆ ಏನು?” ಅಂದರು. ಅಷ್ಟು ಮಾಡಿ ತೆಗೆದ ಫೋಟೋ ನನಗೆ ಬೇಡ ಎಂದೆ. ನಾನೇ ಹೋಗಿ ಕೇಳುತ್ತೇನೆ, ಕೊಟ್ಟರೆ ಸರಿ, ಇಲ್ಲದಿದ್ದರೆ ಬಿಟ್ಟೆ ಎಂದು ಹೇಳಿ ಅವರನ್ನು ತಡೆದೆ.

ಬೆಳಿಗ್ಗೆ ಹೋದಾಗ ದಸ್ತಗೀರ್ ಸಾಬರು ಅಂಗಳದಲ್ಲಿ ತಿದಿ ಒತ್ತುತ್ತ ಕೂತಿದ್ದರು. ನನ್ನನ್ನು ಕಂಡವರೇ ಪಾತ್ರೆ ಕೆಳಗಿಟ್ಟರು.

“ನೀ ಬರ್ತಿ ಅಂತ ಗೊತ್ತಿತ್ತವಾ. ನಿನ್ನಿ ರಾತ್ರಿ ಇಡೀ ಊರ ಕತ್ತಲಾದಾಗ ನನ್ನ ಮನಿ ಒಂದ ಕಳ್ಳನಂಗ ಸಿಕ್ಕೊಂಡ ನಿಂತಿತ್ತು.”

“ಕಾಕಾ, ನಾ ಕೇಳಾಕ ಬಂದಿಲ್ಲ,” ಎಂದು ಸುಳ್ಳು ಹೇಳಿದೆ.

“ಬಾ,” ಎಂದು ಎದ್ದು ಒಳಕೋಣೆಯ ಕದ ತೆಗೆದರು. ನಾನು ರೂಢಿಯಂತೆ ತಲೆ ತಗ್ಗಿಸಿಕೊಂಡು ನಿಂತೆ. “ಗ್ವಾಡಿ ನೋಡು. ನಾನ ಹೇಳಾಕತ್ತೀನಲ್ಲ, ನೋಡು.”

ಹಳೆಯ ಬೆಳಕು ನೆಲದ ಮೇಲೆ ಧೂಳು ಕೂಡಿಕೊಂಡು ತುಪ್ಪದ ಹಾಗೆ ಗಟ್ಟಿಯಾಗಿತ್ತು. ಗೋಡೆಯ ಗೂಡಿನಲ್ಲಿ ಆರಿದ ಚಿಮಣಿ ದೀಪ. ಎದುರಿನ ಗೋಡೆಯ ಮೇಲೆ ಜೈತುನ್‌ಬಿ ಇದ್ದರು. ದೀಪದ ಕಡೆಗೆ ಬಾಗಿ, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಊದಲು ಕೆನ್ನೆ ಉಬ್ಬಿಸಿದ್ದರು. ಕಿವಿಯ ಝುಮಕಿ ಮುಂದಕ್ಕೆ ಜೋತುಬಿದ್ದಿತ್ತು. ಅದರ ಗೆಜ್ಜೆಗಳನ್ನು ಒಂದೊಂದಾಗಿ ನೋಡಬಹುದಿತ್ತು. ನನಗೆ ಅಳು ಬಂತು.

“ಅವತ್ತ ಭಾಳ ದಣಿದಿದ್ಲು,” ಅಂದರು ದಸ್ತಗೀರ್ ಸಾಬರು. “ದೀಪಾ ಊದಿದ್ಲು. ಬೆನ್ನ ನೋಯ್ತೈತಿ, ಇವತ್ತೊಂದಿನ ಗುಡಿಸೂದು ಬ್ಯಾಡ, ನಾಳೆ ಗುಡಿಸ್ತೀನಿ ಅಂದ್ಲು. ಬೆಳಕಿನಾಗ ನನಗ ನಿದ್ದಿ ಬರೂದಿಲ್ಲ ಅಂತ ನಾ ಗುರ್ ಅಂದೆ. ಕಣ್ಣ ಮ್ಯಾಲ ಟಾವೆಲ್ ಹಾಕ್ಕೋರಿ ಅಂತ ನಕ್ಕೋತ ಮಲಗಿದ್ಲು. ಬೆಳಿಗ್ಗೆ ಏಳಲಿಲ್ಲ.” ಕದದ ಚೌಕಟ್ಟಿಗೆ ಒರಗಿದರು. “ಆಕಿ ನಾಳೆ ಗುಡಿಸ್ತೀನಿ ಅಂದಾಳಲ್ಲ. ನಾ ಹೆಂಗ ಗುಡಿಸ್ಲಿ?”

ನಾನು ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಡಲು ತಿರುಗಿದಾಗ ಅವರೇ ಕೇಳಿದರು.

“ಕರೆಂಟ್ ಬಂದ್ರ ನನ್ನ ಮನಿ ಮುಂದೂ ಕಂಬದಾಗ ದೀಪಾ ಹತ್ತತೈತಲ್ಲ? ಆ ಬೆಳಕ ಹಂಚಿನ ಸಂದ್ಯಾಗ ಇಳೀತೈತೇನು?”

ಸುಳ್ಳು ಹೇಳಬಹುದಿತ್ತು. “ಇಳೀತೈತಿ ಕಾಕಾ.”

“ಇಳದ್ರ?”

“ಎರಡೂ ಬೆಳಕು ಕೂಡ್ತಾವು.”

“ಆಕಿ?”

ಬೆಳಕಿನ ಮೇಲೆ ಬೆಳಕು ಬಿದ್ದರೆ ನೆರಳು ಉಳಿಯುವುದಿಲ್ಲ. ಗುಡಿಸಿ ಕಾಪಾಡೋಣವೆಂದರೆ ಕಸಬರಿಗೆಗೆ ಹೊಸ ಬೆಳಕು ಯಾವುದು, ಹಳೆಯದು ಯಾವುದು ಎಂದು ತಿಳಿಯುವುದಿಲ್ಲ. ಕಂಬಗಳು ಬಂದ ದಿನದಿಂದ ಅವರು ಇದೇ ಯೋಚನೆಯಲ್ಲಿ ಇದ್ದಿರಬೇಕು. ಗೋಡೆಯ ಕಡೆಯೇ ನೋಡುತ್ತ, “ಕತ್ತಲಿ ಫೋಟೋ ತಗೀತಾಳ ಕಾತ್ಯಾಯಿನಿ ಅಂತಾರ ಮಂದಿ,” ಅಂದರು. “ಈ ಕತ್ತಲಿದೂ ಒಂದ ತಗದ ಕೊಡ್ತಿ?”

ಹಲಗೆಯೂ ತಿರುಪೂ ಬೇಕಾಗಲಿಲ್ಲ. ಆಕಾಶಕ್ಕೆಂದು ಇಟ್ಟುಕೊಂಡಿದ್ದ ಒಳ್ಳೆಯ ಫಿಲ್ಮನ್ನೇ ಹಾಕಿದೆ. ಫ್ಲ್ಯಾಶ್ ಹೊಡೆಯುವಂತಿಲ್ಲ, ಬಾಗಿಲು ತೆರೆದಿಡುವಂತಿಲ್ಲ. ದಸ್ತಗೀರ್ ಸಾಬರನ್ನು ಹೊರಗೆ ಕೂರಿಸಿ, ಶಟರ್ ತೆರೆದು, ನಾನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತೆ. ಆ ಮುದಿ ಬೆಳಕು ಫಿಲ್ಮಿನ ಮೇಲೆ ಅಚ್ಚಾಗಲು ಬಹಳ ಹೊತ್ತು ಬೇಕಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಒಂದಿಷ್ಟೂ ಅಲುಗಾಡದೆ ನಿಂತ ಗಿರಾಕಿ ಜೈತುನ್‌ಬಿ ಒಬ್ಬರೇ. ನಿಂತಷ್ಟು ಹೊತ್ತೂ ನಾನು ನೋಡಿದ್ದು ಆ ನೆರಳಿನ ಅಂಚನ್ನು. ಗೆರೆ ಎಳೆದ ಹಾಗಿರಲಿಲ್ಲ ಅದು. ಕೂದಲಿದ್ದಲ್ಲಿ ಬೆಳಕು ಸ್ವಲ್ಪ ಸೋಸಿ ಬಂದಿತ್ತು, ಸೆರಗಿದ್ದಲ್ಲಿ ಇನ್ನೂ ಸ್ವಲ್ಪ, ಮೈಯಿದ್ದಲ್ಲಿ ಏನೂ ಇಲ್ಲ. ಒಬ್ಬರು ನಿಜವಾಗಿ ನಿಂತಿದ್ದರೆ ಮಾತ್ರ ಹೀಗಾಗುತ್ತದೆ. ಆಕಾಶದಲ್ಲಿ ನಾನು ಹುಡುಕಬೇಕಾದದ್ದು ಇದನ್ನೇ ಎಂದು ಆಗ ಹೊಳೆಯಿತು.

ಮಧ್ಯಾಹ್ನವೇ ತೊಳೆದು, ಒಣಗಿಸಿ, ಪ್ರಿಂಟು ಹಾಕಿಕೊಂಡು ಹೋದೆ. ಫೋಟೋ ಸರಿಯಾಗಿ ಬರುವ ತನಕ ಒಳಕೋಣೆಯಲ್ಲಿ ಏನನ್ನೂ ಮುಟ್ಟಬೇಡಿ ಎಂದು ಅವರಿಗೆ ತಾಕೀತು ಮಾಡಿದ್ದೆ. ಅವರು ಅದನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡಿದರು. ಎಲ್ಲಕ್ಕಿಂತ ಮೊದಲು ಝುಮಕಿಯ ಗೆಜ್ಜೆಗಳ ಮೇಲೆ ಬೆರಳಾಡಿಸಿದರು. ಎಲ್ಲವೂ ಇದ್ದವು.

“ಇವತ್ತ ರಾತ್ರಿ ನಿನ್ನ ಕೆರಿಗೆ ಹೋಗು,” ಅಂದರು.

“ಬ್ಯಾಡ ಕಾಕಾ. ಕರೆಂಟ್ ಬರೂ ತನಕರ ಇರ್ಲಿ. ನನ್ನ ಫೋಟೋ ಏನ ಹೋದ್ರ ಹೋಗ್ಲಿ.”

“ಕರೆಂಟಿನವರ ಕೈಲೆ ಹೋಗೂದಕಿಂತ ನನ್ನ ಕೈಲೆ ಹೋಗ್ಲೆವಾ. ಆಕಿ ಕಸಬರಿಗಿ ಇನ್ನೂ ಇಟ್ಟೀನಿ.”

ಜೊತೆಗಿರಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು.

ಕೆರೆಯಂಗಳದಲ್ಲಿ ನಾನು ತಿರುಪಿನ ಮೇಲೆ ಕೈಯಿಟ್ಟುಕೊಂಡು ಕಾದೆ. ಊರು ಕತ್ತಲಾಗಿತ್ತು. ಹಂಚಿನ ಸಂದುಗಳ ಬೆಳಕು ಒಂದು ಕಡೆಯಿಂದ ಕಡಿಮೆಯಾಗುತ್ತ ಬಂತು. ಅವರು ಗೋಡೆಯ ಬುಡದಿಂದ ಆರಂಭಿಸಿರಬೇಕು. ನಡುವೆ ಒಮ್ಮೆ ಬಹಳ ಹೊತ್ತು ನಿಂತುಹೋಯಿತು. ಗುಡಿಸಲಾರರು, ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಬಿಟ್ಟರೆ ಸಾಕಪ್ಪ ಎಂದೂ ಅನ್ನಿಸಿತು. ಆಮೇಲೆ ಮತ್ತೆ ಕಡಿಮೆಯಾಯಿತು, ಕೊನೆಗೆ ಇಲ್ಲವಾಯಿತು. ಬಾಗಿಲಿನಿಂದ ಒಂದು ಸಣ್ಣ ಹಳದಿ ಗುಪ್ಪೆ ಹೊರಗೆ ಬಂದು ಓಣಿಯ ಗುಂಡಿಯನ್ನು ದಾಟಿ ಮುಂದೆ ಸಾಗಿತು. ಅದನ್ನು ಎಲ್ಲಿ ಹಾಕಿದಿರಿ ಎಂದು ನಾನು ಅವರನ್ನು ಇವತ್ತಿಗೂ ಕೇಳಿಲ್ಲ. ಶಟರ್ ತೆರೆದೆ.

ಫೋಟೋ ಬಂತು. ಗುಡಿಸಿದ ಜಾಗ ಗುಡಿಸಿದ್ದಾಗಿರಲಿಲ್ಲ. ಅಂಚಿನಲ್ಲಿ ನಕ್ಷತ್ರಗಳು ಒಮ್ಮೆಲೇ ನಿಂತಿರಲಿಲ್ಲ. ಮೊದಲು ಮಂಕಾಗಿ, ಆಮೇಲೆ ಇನ್ನೂ ಮಂಕಾಗಿ, ಸೆರಗಿನ ಹಿಂದೆ ಸರಿದ ಹಾಗೆ ಮರೆಯಾಗಿದ್ದವು. ಬರಿಗಣ್ಣಿಗೆ ಕಾಣದ ಎಷ್ಟೋ ಎಳೆಗಳು ಆ ಕಪ್ಪಿನಿಂದ ಹೊರಟಿದ್ದವು. ಹಿಂದೆ ಬೆಳಕಿದೆ, ಮುಂದೆ ಏನೋ ಇದೆ, ಅದು ದೊಡ್ಡದಾಗಿದೆ, ನಿಂತಿದೆ. ಇಷ್ಟು ನನಗೆ ಖಚಿತವಾಯಿತು. ಏನು ಎಂಬುದು ಇನ್ನೂ ಗೊತ್ತಿಲ್ಲ, ಆ ಕುತೂಹಲ ಇನ್ನೂ ಹಾಗೆಯೇ ಇದೆ. ಶಿವಪುತ್ರಪ್ಪನವರು ಪ್ರಿಂಟನ್ನು ತಿರುಗಿಸಿ ತಿರುಗಿಸಿ ನೋಡಿ, “ಹಂಗಾದ್ರ ಇನ್ನ ಹುಡುಗರಿಗೆ ಏನ ಹೇಳಿ ಕಸಬರಿಗಿ ಹಿಡಿಸೂದವಾ?” ಎಂದು ಮುಖ ಹುಳ್ಳಗೆ ಮಾಡಿಕೊಂಡರು.

ಆ ಚಿಂತೆ ಅವರಿಗೆ ಬಹಳ ದಿನ ಉಳಿಯಲಿಲ್ಲ. ಕರೆಂಟು ಬಂತು. ಗುಡಿಸಿದಷ್ಟೂ ಸುರಿಯುವ ಬೆಳಕಿಗೆ ಸೋತು ಜನ ಕಸಬರಿಗೆಗಳನ್ನು ಅಟ್ಟಕ್ಕೆ ಹಾಕಿದರು. ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಮಲಗಲು ಕಲಿತರು. ಈಗ ಊರಿನಲ್ಲಿ ಸಂಜೆ ಕಸಬರಿಗೆ ಹಿಡಿಯುವವರು ಒಬ್ಬರೇ, ದಸ್ತಗೀರ್ ಸಾಬರು. ಅಷ್ಟು ವರ್ಷ ಗುಡಿಸದವರು ಈಗ ಹಂಚಿನ ಸಂದಿನಿಂದ ಇಳಿದದ್ದನ್ನೆಲ್ಲ ಬಿಡದೆ ಗುಡಿಸುತ್ತಾರೆ. ಒಳಕೋಣೆಗೆ ಬಲ್ಬು ಬೇಡವೆಂದು ಲೈನ್‌ಮನ್ನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರಂತೆ.

ಮೊನ್ನೆ ಒಂದು ಹಳೆಯ ಹಿತ್ತಾಳೆ ಪಾತೇಲಿಯನ್ನು ಕಲಾಯಿಗೆ ಒಯ್ದಿದ್ದೆ. ಫೋಟೋಕ್ಕೆ ಕಟ್ಟು ಹಾಕಿಸಿ ಕೊಟ್ಟಿದ್ದೆನಲ್ಲ, ಎಲ್ಲಿ ತೂಗುಹಾಕಿದ್ದೀರಿ ಎಂದು ಕೇಳಿದೆ. ಒಳಕೋಣೆಯ ಕದ ತೆಗೆದರು. ಒಳಗೆ ಹೋದರೆ ನನ್ನ ಕೈ ನನಗೇ ಕಾಣದಷ್ಟು ಕತ್ತಲು. ಅಂಥ ಕತ್ತಲು ಈಗ ಊರಿನಲ್ಲಿ ಬೇರೆಲ್ಲೂ ಇಲ್ಲ.

“ಇದರಾಗ ಫೋಟೋ ಹೆಂಗ ಕಾಣ್ತೈತಿ ಕಾಕಾ?” ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

“ಸಾವಕಾಶ ಮಾತಾಡವಾ,” ಅಂದರು ಅವರು ಪಿಸುದನಿಯಲ್ಲಿ. “ಬೆನ್ನ ನೋಯ್ತೈತಿ ಅಂದಾಕಿ ಇಷ್ಟ ವರ್ಷ ಬಾಗೇ ನಿಂತಿದ್ಲು. ಈಗ ಮಲಗ್ಯಾಳ.”

ನಾನು ಪಾತೇಲಿಯನ್ನು ಸದ್ದಾಗದ ಹಾಗೆ ಎದೆಗೆ ಅವಚಿಕೊಂಡು ಹೊರಗೆ ಬಂದೆ. ಅವರು ಮೆಲ್ಲನೆ ಕದ ಮುಂದೆ ಮಾಡಿದರು.